ಕಟ್ಟಲು ಆಗುವಷ್ಟೇ ಬರೆಯಿರಿ: ಮೂರು ಕಾರ್ಡುಗಳ ಸಾಲದ ಒಂದು ಪ್ರಕರಣ

ಹೆಸರು, ಕೆಲಸದ ವಿವರ ಬದಲಿಸಿದ್ದೇನೆ. ಮೊತ್ತದಿಂದಲೂ ಗುರುತು ಸಿಗಬಾರದು ಎಂದು ತಿಂಗಳ ಸಂಬಳವನ್ನು 100 ಎಂದು ಹಿಡಿದು, ಉಳಿದದ್ದನ್ನೆಲ್ಲ ಅದೇ ಅಳತೆಯಲ್ಲಿ ಕೊಟ್ಟಿದ್ದೇನೆ. ಸಾಲ 240 ಎಂದರೆ ಎರಡೂವರೆ ತಿಂಗಳ ಸಂಬಳದ ಹತ್ತಿರ ಹತ್ತಿರ ಎಂದು ಓದಿಕೊಳ್ಳಿ.

ರಘು ಅವರಿಗೆ 41 ವರ್ಷ. ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಹೆಂಡತಿ ಸುಮಾ, ಶಾಲೆಗೆ ಹೋಗುವ ಮಗಳು. ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎಂದು. ಕ್ರೆಡಿಟ್ ಕಾರ್ಡಿನ ಸಾಲದ ಮಾತು ಬಂದಿದ್ದು ಭೇಟಿ ಮುಗಿಯುವ ಹೊತ್ತಿಗೆ, ಅದೂ ನಾನು ಕೇಳಿದ ಮೇಲೆ. ಮಾತಾಡುವಾಗ ಅವರ ಫೋನ್ ಮತ್ತೆ ಮತ್ತೆ ಬೆಳಗುತ್ತಿತ್ತು. ಅವರು ಅದನ್ನು ತಿರುಗಿಸಿ ಮಗುಚಿ ಇಡುತ್ತಿದ್ದರು. "ಯಾರ ಫೋನ್?" ಎಂದೆ. "ಬ್ಯಾಂಕಿನವರದು ಮೇಡಂ" ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು.

ಸಾಲ ಶುರುವಾಗಿದ್ದು ತಂದೆಯ ಆಪರೇಷನ್‌ನಿಂದ. ಆಮೇಲೆ ಒಂದು ಕೆಲಸ ಹೋಗಿ ಇನ್ನೊಂದು ಸಿಗುವವರೆಗೆ ಮನೆ ನಡೆದಿದ್ದೂ ಕಾರ್ಡಿನ ಮೇಲೇ. ದುಂದುವೆಚ್ಚ ಮಾಡುವವರಿಗೇ ಸಾಲ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ರಘು ಕೂಡ ಹಾಗೇ ನಂಬಿದ್ದರು, ಅದಕ್ಕೇ ತಮ್ಮನ್ನು ತಾವು ಕ್ಷಮಿಸಲು ಆಗುತ್ತಿರಲಿಲ್ಲ. ಇಡೀ ದಿನ ಕಚೇರಿಯ ಪೈಸೆ ಪೈಸೆ ಲೆಕ್ಕ ಇಡುವ ಮನುಷ್ಯ ತಮ್ಮದೇ ಕಾರ್ಡಿನ ಸ್ಟೇಟ್‌ಮೆಂಟ್ ತೆರೆದು ತಿಂಗಳುಗಳೇ ಆಗಿದ್ದವು. ಭಯ ಹಾಗೆ ಮಾಡಿಸುತ್ತದೆ. ಇದು ಬುದ್ಧಿಗೆ ಸಂಬಂಧಿಸಿದ ವಿಷಯ ಅಲ್ಲ.

ಸಾಲದ ವಿಷಯಕ್ಕೆ ಬಂದ ಯಾರನ್ನೂ ನಾನು ಒಂದು ಪ್ರಶ್ನೆ ಕೇಳದೆ ಕಳಿಸುವುದಿಲ್ಲ: ಸಾಯಬೇಕು ಅನ್ನಿಸಿದೆಯಾ? ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎನ್ನುವುದು ನಿಜವಲ್ಲ, ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. "ಇದ್ದು ಏನು ಪ್ರಯೋಜನ ಅನ್ನಿಸುತ್ತೆ, ಆದರೆ ಹಾಗೆಲ್ಲ ಏನೂ ಮಾಡ್ಕೊಳ್ಳಲ್ಲ" ಎಂದರು. ಅಂಥ ಯೋಚನೆ ಹೆಚ್ಚಾದರೆ ರಾತ್ರಿಯಾದರೂ ಯಾರಿಗೆ ಫೋನ್ ಮಾಡುತ್ತೀರಿ ಎಂದು ಕೇಳಿ, ಆ ಹೆಸರನ್ನು ಬರೆಸಿಕೊಂಡೆ. ಲೆಕ್ಕದ ಮಾತು ಅದಾದ ಮೇಲೆ. ನಿಮ್ಮ ಮನೆಯಲ್ಲೂ ಯಾರಾದರೂ ಸಾಲದ ಭಾರದಲ್ಲಿ ಇಂಥ ಮಾತಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೂಡಲೇ ವೈದ್ಯರ ಅಥವಾ ಸಹಾಯವಾಣಿಯ ನೆರವು ಪಡೆಯಿರಿ.

ಮುಂದಿನ ಭೇಟಿಗೆ ಸುಮಾ ಅವರನ್ನೂ ಕರೆದುಕೊಂಡು ಬರಲು ಹೇಳಿದೆ. ರಘುಗೆ ಅದು ಸಾಲಕ್ಕಿಂತ ದೊಡ್ಡ ಕಷ್ಟವಾಗಿತ್ತು. ಆದರೆ ಒಂದೇ ಅಡುಗೆಮನೆ, ಒಂದೇ ಸಂಬಳ ಇರುವಾಗ ಒಬ್ಬರೇ ಗುಟ್ಟಾಗಿ ಸಾಲ ತೀರಿಸುವ ಯೋಜನೆ ನಡೆಯುವುದಿಲ್ಲ. ಖರ್ಚು ಏಕೆ ಕಡಿಮೆಯಾಯಿತು ಎಂದು ಮನೆಯವರು ಕೇಳುತ್ತಾರೆ. ಉತ್ತರ ಕೊಡಲಾಗದೆ ಮತ್ತೆ ಕಾರ್ಡ್ ಹೊರಗೆ ಬರುತ್ತದೆ. (ಹಣದ ವಿಷಯದಲ್ಲಿ ಹೆದರಿಸುವ, ಹೊಡೆಯುವ ಸಂಗಾತಿ ಇರುವ ಮನೆಗೆ ಈ ಸಲಹೆ ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ನೋಡಬೇಕಾದ್ದು ಸುರಕ್ಷತೆ.)

ಸುಮಾ ಅತ್ತರು. ಕೋಪ ಸಾಲದ ಮೇಲಲ್ಲ, ಹೇಳದೇ ಇದ್ದುದರ ಮೇಲೆ. ಆಮೇಲೆ ಚೀಲದಿಂದ ಒಂದು ಪೆನ್ಸಿಲ್ ತೆಗೆದರು. ಮೂರೂ ಕಾರ್ಡಿನ ಸ್ಟೇಟ್‌ಮೆಂಟುಗಳನ್ನು ಪ್ರಿಂಟ್ ಮಾಡಿಸಿ ತರಲು ನಾನು ಹೇಳಿದ್ದೆ. ಅವರು ಅದನ್ನು ತಾರೀಖಿನ ಪ್ರಕಾರ ಜೋಡಿಸಿ, ಪ್ರತಿ ಹಾಳೆಯಲ್ಲೂ ಬಡ್ಡಿ ಎಂದು ಇದ್ದ ಸಾಲಿಗೆ ಸುತ್ತು ಹಾಕುತ್ತಾ ಹೋದರು. ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ರಘು ಮೊದಲ ಬಾರಿಗೆ ಇಡೀ ಚಿತ್ರ ನೋಡಿದರು.

ಮೊದಲ ಕಾರ್ಡಿನಲ್ಲಿ ಬಾಕಿ 240, ಬಡ್ಡಿ ತಿಂಗಳಿಗೆ ಶೇ. 3.5. ಎರಡನೆಯದರಲ್ಲಿ 130, ಶೇ. 3. ಮೂರನೆಯದರಲ್ಲಿ 50, ಶೇ. 2.5. ಒಟ್ಟು 420. ಬರೀ ಬಡ್ಡಿಯೇ ತಿಂಗಳಿಗೆ 13.55. ಮೂರಕ್ಕೂ ಸೇರಿ ಕಟ್ಟಲೇಬೇಕಾದ ಮಿನಿಮಮ್ ಮೊತ್ತ, ಬಾಕಿಯ ಶೇ. 5ರಂತೆ, 21. ಅಷ್ಟನ್ನು ರಘು ಬಹುಪಾಲು ತಪ್ಪದೇ ಕಟ್ಟಿದ್ದರು. ತಪ್ಪಿದ್ದು ಕೊನೆಯ ಎರಡು ತಿಂಗಳು, ಅದೂ ಒಂದೇ ಕಾರ್ಡಿನಲ್ಲಿ. ಆದರೆ 21 ಕಟ್ಟಿದರೆ ಅಸಲಿಗೆ ಹೋಗುವುದು 7.45 ಮಾತ್ರ. ಅದೇ ತಿಂಗಳು ಮನೆಖರ್ಚಿಗೆ ಅವರು 10 ಸ್ವೈಪ್ ಮಾಡುತ್ತಿದ್ದರು. ಅಂದರೆ ಕಷ್ಟಪಟ್ಟು ಕಟ್ಟುತ್ತಲೇ ಇದ್ದರೂ ಸಾಲ ಏರುತ್ತಲೇ ಇತ್ತು.

ತಿಂಗಳಿಗೆ ಶೇ. 3.5 ಎಂದರೆ ಕೇಳಲು ಸಣ್ಣದು. ಚಕ್ರಬಡ್ಡಿ ಸೇರಿದರೆ ಅದು ವರ್ಷಕ್ಕೆ ಶೇ. 51. ಇನ್ನೊಂದು ಲೆಕ್ಕ ಕೇಳಿ. ಆ ಮೊದಲ ಕಾರ್ಡನ್ನು ಇವತ್ತೇ ಮುಟ್ಟುವುದು ಬಿಟ್ಟು, ತಿಂಗಳು ತಿಂಗಳು ಬಾಕಿಯ ಶೇ. 5 ಮಾತ್ರ ಕಟ್ಟುತ್ತಾ ಹೋದರೆ, ಸಾಲ ಅರ್ಧಕ್ಕೆ ಇಳಿಯಲು 41 ತಿಂಗಳು ಬೇಕು. ತೀರಲು ಅಲ್ಲ, ಅರ್ಧಕ್ಕೆ ಇಳಿಯಲು. ಮಿನಿಮಮ್ ಕಟ್ಟಿದರೆ ದಂಡ ತಪ್ಪುತ್ತದೆ ಅಷ್ಟೇ.

ರಘುಗೆ ಗೊತ್ತಿರದ ಎರಡು ಸಂಗತಿ ಬಹಳ ಜನಕ್ಕೂ ಗೊತ್ತಿರುವುದಿಲ್ಲ. ಹಳೆಯ ಬಾಕಿ ಪೂರ್ತಿ ಕಟ್ಟದೆ ಮುಂದಕ್ಕೆ ಹೋದರೆ, ಹೊಸ ಖರೀದಿಗೆ ಸಿಗುತ್ತಿದ್ದ ಬಡ್ಡಿ ಇಲ್ಲದ ದಿನಗಳು ಸಾಮಾನ್ಯವಾಗಿ ಹೋಗಿಬಿಡುತ್ತವೆ. ಅಂದರೆ ಇವತ್ತು ತಂದ ಸಾಮಾನಿಗೆ ಇವತ್ತಿನಿಂದಲೇ ಬಡ್ಡಿ. ಎರಡನೆಯದು, ಕಾರ್ಡಿನಿಂದ ನಗದು ತೆಗೆದರೆ ಶುಲ್ಕ ಬೇರೆ, ಬಡ್ಡಿಯೂ ತೆಗೆದ ದಿನದಿಂದಲೇ. ಅವರು ಎರಡನೇ ಕಾರ್ಡಿನಿಂದ ನಗದು ತೆಗೆದು ಮೊದಲನೆಯದರ ಮಿನಿಮಮ್ ಕಟ್ಟುತ್ತಿದ್ದರು. ಆ ದಿನವೇ ಅದನ್ನು ನಿಲ್ಲಿಸಲು ಹೇಳಿದೆ.

ಇನ್ನು ಯೋಜನೆ. ರಘು ತಾವೇ ಒಂದು ಬರೆದುಕೊಂಡು ಬಂದಿದ್ದರು: ಸಂಬಳದಲ್ಲಿ 50 ಮನೆಗೆ, 50 ಸಾಲಕ್ಕೆ. ನೋಡಿದ ಕೂಡಲೇ ಅದು ಲೆಕ್ಕ ಅಲ್ಲ, ಶಿಕ್ಷೆ ಎಂದು ಗೊತ್ತಾಯಿತು. ಮಗಳ ಶಾಲೆಯ ಫೀಸ್ ಅದರಲ್ಲಿ ಇರಲಿಲ್ಲ. ಔಷಧಿ ಇರಲಿಲ್ಲ. ತಾವು ಮಧ್ಯಾಹ್ನ ಊಟ ಬಿಡುವುದಾಗಿ ಬರೆದಿದ್ದರು. ನಾಚಿಕೆಯಿಂದ ಬರೆದ ಯೋಜನೆಗಳು ಹೀಗೇ ಇರುತ್ತವೆ. ಎರಡು ತಿಂಗಳು ಛಲದಿಂದ ನಡೆಯುತ್ತವೆ. ಮೂರನೇ ತಿಂಗಳು ಯಾರಿಗಾದರೂ ಜ್ವರ ಬಂದರೆ ಕಾರ್ಡ್ ಮತ್ತೆ ಕೈಗೆ ಬರುತ್ತದೆ, "ನನ್ನ ಕೈಲಿ ಆಗಲ್ಲ" ಎಂಬ ಮಾತೂ ಜೊತೆಗೇ ಬರುತ್ತದೆ. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಚೆನ್ನಾಗಿರುವ ತಿಂಗಳಲ್ಲಿ ಎಷ್ಟು ಕಟ್ಟಬಹುದು ಎಂದು ಕೇಳಿಕೊಳ್ಳಬೇಡಿ, ಕೆಟ್ಟ ತಿಂಗಳಲ್ಲೂ ಎಷ್ಟು ಕಟ್ಟಬಹುದು ಎಂದು ಕೇಳಿಕೊಳ್ಳಿ.

ಮೂರು ವಾರ ಖರ್ಚು ಬರೆದಿಡಲು ಹೇಳಿದೆ. ಬರೆದಿದ್ದು ಸುಮಾ. ಆಗಿನ ಖರ್ಚು 89 ಇತ್ತು. ಅದರಲ್ಲಿ 9 ಇತ್ತೀಚೆಗೆ ಶುರು ಮಾಡಿದ ಒಂದು ಉಳಿತಾಯದ ಕಂತು. ಉಳಿತಾಯ ಒಳ್ಳೆಯದೇ, ಆದರೆ ಶೇ. 51ರ ಬಡ್ಡಿ ಕಟ್ಟುತ್ತಾ ಕೆಲವೇ ಶೇಕಡಾ ಬಡ್ಡಿ ಕೊಡುವ ಕಡೆ ಹಣ ಇಡುವುದರಲ್ಲಿ ಅರ್ಥವಿಲ್ಲ ಅಲ್ವಾ? ಅದನ್ನು ನಿಲ್ಲಿಸಿ, ಕೂಡಿದ್ದ ಸ್ವಲ್ಪ ಹಣವನ್ನು ಆಪತ್ತಿಗೆಂದು ಪಕ್ಕಕ್ಕೆ ಇಟ್ಟರು. ಇನ್ನೂ 10 ಅಲ್ಲಿ ಇಲ್ಲಿ ಕಡಿಮೆಯಾಯಿತು, ಅದು ಸುಲಭವಾಗಿರಲಿಲ್ಲ. ಕೊನೆಗೆ ನಿಂತಿದ್ದು ಹೀಗೆ: ಬಾಡಿಗೆ, ಊಟ, ಓಡಾಟ, ಔಷಧಿ ಎಲ್ಲ ಸೇರಿ 62. ವರ್ಷಕ್ಕೊಮ್ಮೆ ಬರುವ ಫೀಸು, ವಿಮೆಗೆ ತಿಂಗಳಿಗೆ 4. ಆಪತ್ತಿಗೆ 4. ಸಾಲಕ್ಕೆ 30.

ಮೂವತ್ತೇ ಎಂದು ರಘುಗೆ ಬೇಸರವಾಯಿತು. ಆಪತ್ತಿನ 4ನ್ನೂ ಸಾಲಕ್ಕೆ ಹಾಕೋಣ ಎಂದರು. ನಾನು ಒಪ್ಪಲಿಲ್ಲ. ಆ ನಾಲ್ಕು ಇಲ್ಲದಿದ್ದರೆ ಉಳಿದ ಮೂವತ್ತೂ ನಿಲ್ಲುವುದಿಲ್ಲ.

ಆಮೇಲೆ ಪತ್ರ. ಸಾಲ ಕೊಟ್ಟವರ ಫೋನಿಗೆ ಹೆದರಿ ಕೂರುವ ಬದಲು ನಾವೇ ಮೊದಲು ಬರೆಯುವುದು ಸ್ವಂತ ಯೋಜನೆಯ ಮುಖ್ಯ ಹೆಜ್ಜೆ. ರಘು ಬರೆದಿದ್ದು ಸುಮಾರಾಗಿ ಹೀಗಿತ್ತು: "ನನ್ನ ಬಾಕಿ ಒಪ್ಪುತ್ತೇನೆ, ಪೂರ್ತಿ ಕಟ್ಟುವ ಉದ್ದೇಶವಿದೆ. ನನ್ನ ಆದಾಯ ಮತ್ತು ಖರ್ಚಿನ ವಿವರ ಲಗತ್ತಿಸಿದ್ದೇನೆ. ಈ ಕಾರ್ಡಿಗೆ ತಿಂಗಳಿಗೆ 12 ಕಟ್ಟಬಲ್ಲೆ. ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಿ, ಕಾರ್ಡನ್ನು ಬ್ಲಾಕ್ ಮಾಡಿ ಎಂದು ಕೋರುತ್ತೇನೆ. ಉತ್ತರ ಬರಹದಲ್ಲಿ ಕೊಡಿ." ಕ್ಷಮೆ ಕೇಳುವ ಸಾಲುಗಳನ್ನು ನಾನು ತೆಗೆಸಿದೆ. ಕೊಡಬಹುದಾದ್ದಕ್ಕಿಂತ ಜಾಸ್ತಿ ಮಾತು ಕೊಡಬೇಡಿ ಎಂದೆ. ಫೋನಿನಲ್ಲಿ ಏನೇ ಹೇಳಿದರೂ ಬರಹದಲ್ಲಿ ಬರುವವರೆಗೆ ಲೆಕ್ಕಕ್ಕಿಲ್ಲ ಎಂದೂ ಹೇಳಿದೆ.

ಎರಡನೇ ಕಾರ್ಡಿನವರು ಆಗಲ್ಲ ಎಂದರು. ಮೊದಲನೆಯವರು ಎರಡನೇ ಪತ್ರಕ್ಕೆ ಒಪ್ಪಿದರು: 240ನ್ನು ತಿಂಗಳಿಗೆ ಶೇ. 1.5ರ ಬಡ್ಡಿಯಲ್ಲಿ 24 ಕಂತು. ಕಂತಿನ ಮೊತ್ತ ಹೆಚ್ಚುಕಡಿಮೆ 12. ಇಷ್ಟು ದಿನ ಮಿನಿಮಮ್ ಎಂದು ಕಟ್ಟುತ್ತಿದ್ದದ್ದೂ ಅದೇ 12! ವ್ಯತ್ಯಾಸವೆಂದರೆ ಈಗ ಅದಕ್ಕೆ ಕೊನೆಯ ತಾರೀಖು ಇತ್ತು.

ಉಳಿದ 18ನ್ನು ಹೇಗೆ ಹಂಚುವುದು? ಲೆಕ್ಕದ ಪ್ರಕಾರ ಬಡ್ಡಿ ಜಾಸ್ತಿ ಇರುವ ಸಾಲಕ್ಕೆ ಮೊದಲು ಹಾಕಬೇಕು, ಅಂದರೆ 130ಕ್ಕೆ. ನಾನು ಮೂರನೇ ಕಾರ್ಡಿನ 50ನ್ನು ಮೊದಲು ಮುಗಿಸಲು ಹೇಳಿದೆ. ಎರಡರ ಬಡ್ಡಿಗೆ ಇದ್ದ ಅಂತರ ಅರ್ಧ ಶೇಕಡಾ, ನಷ್ಟ ತೀರಾ ಕಡಿಮೆ. ಈ ಮನುಷ್ಯನಿಗೆ ಏನಾದರೂ ಒಂದು ಮುಗಿಯುವುದನ್ನು ಬೇಗ ನೋಡುವುದು ಬೇಕಿತ್ತು. ಅಂತರ ದೊಡ್ಡದಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಎರಡನೆಯದಕ್ಕೆ 6.5, ಮೂರನೆಯದಕ್ಕೆ 11.5, ಸಂಬಳ ಬಂದ ಮರುದಿನ ತಾನಾಗಿ ಕಡಿತವಾಗುವಂತೆ ಮಾಡಿಸಿದರು. ಐದನೇ ತಿಂಗಳು ಮೂರನೇ ಕಾರ್ಡ್ ತೀರಿತು. ಅದರ ಪಾಲು ಹಾಗೇ ಎರಡನೆಯದಕ್ಕೆ ಹೋಯಿತು.

ನಡುವೆ ಹಲವು ಸಲಹೆ ಬಂದವು. ಒಬ್ಬ ಸಂಬಂಧಿ ಒಂದೇ ದೊಡ್ಡ ಸಾಲ ತೆಗೆದು ಎಲ್ಲ ತೀರಿಸು ಎಂದರು. ಬಡ್ಡಿ ನಿಜವಾಗಿ ಕಡಿಮೆಯಿದ್ದು, ಕಾರ್ಡುಗಳನ್ನು ಅದೇ ದಿನ ಮುಚ್ಚಿಸುವುದಾದರೆ ಅದು ತಪ್ಪಲ್ಲ. ಕಾರ್ಡು ತೆರೆದೇ ಇದ್ದರೆ ಸಾಲ ಎರಡಾಗುತ್ತದೆ. ಇನ್ನೊಬ್ಬರು ಫೋನ್ ಮಾಡಿ, ಕಟ್ಟುವುದನ್ನು ನಿಲ್ಲಿಸಿ, ನಮಗೆ ಶುಲ್ಕ ಕೊಡಿ, ಅರ್ಧಕ್ಕೆ ಸೆಟಲ್ ಮಾಡಿಸುತ್ತೇವೆ ಎಂದರು. ಇದರಲ್ಲಿ ಎಚ್ಚರ ಬೇಕು. ಕಟ್ಟುವುದು ನಿಂತಾಗ ಬಡ್ಡಿ, ದಂಡ ನಿಲ್ಲುವುದಿಲ್ಲ. ಅರ್ಧಕ್ಕೆ ಮುಗಿಸಿದ ಸಾಲ ಕ್ರೆಡಿಟ್ ವರದಿಯಲ್ಲಿ (ನಾವು ಸಾಲ ಹೇಗೆ ತೀರಿಸಿದ್ದೇವೆ ಎಂದು ತೋರಿಸುವ ದಾಖಲೆ) ಪೂರ್ತಿ ತೀರಿದ ಸಾಲದಂತೆ ಕಾಣುವುದೂ ಇಲ್ಲ. ಸೆಟಲ್‌ಮೆಂಟೇ ಗತಿ ಎನ್ನುವ ಪರಿಸ್ಥಿತಿ ಕೆಲವರಿಗೆ ಬರುತ್ತದೆ, ಆಗಲೂ ಸಾಲ ಕೊಟ್ಟವರ ಜೊತೆ ನೇರವಾಗಿ ಮಾತಾಡಿ.

ಸಾಲ ವಸೂಲಿಗೆ ಬರುವ ರಿಕವರಿ ಫೋನುಗಳಿಗೆ ಒಂದೇ ಉತ್ತರ ಬರೆದುಕೊಟ್ಟಿದ್ದೆ: "ನನ್ನ ಪತ್ರ ಈ ತಾರೀಖಿನಲ್ಲಿ ತಲುಪಿದೆ, ಅದಕ್ಕೆ ಬರಹದಲ್ಲಿ ಉತ್ತರಿಸಿ." ಫೋನ್ ಬಂದ ಹೊತ್ತು, ಮಾತಾಡಿದವರ ಹೆಸರು, ಹೇಳಿದ ಮಾತು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬೆದರಿಕೆ ಬಂದರೆ ಆ ಪುಸ್ತಕವೇ ದೂರಿಗೆ ಆಧಾರ. ಕೂಗಾಡಿದವರಿಗೆ ಹೆದರಿ ಬಾಡಿಗೆ ಹಣ ಕೊಟ್ಟುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಜೋರಾಗಿ ಕೇಳಿದವರ ಸಾಲವೇ ಮುಖ್ಯವಾದ ಸಾಲ ಅಲ್ಲ. ಸೂರು, ಊಟ, ಔಷಧಿ, ವಿದ್ಯುತ್ ಮೊದಲು.

ಏಳನೇ ತಿಂಗಳು ಮಗಳು ಆಸ್ಪತ್ರೆ ಸೇರಿದಳು. ಆಪತ್ತಿನ ಹಣ ಖಾಲಿಯಾಯಿತು, ಎರಡನೇ ಕಾರ್ಡಿಗೆ ಆ ತಿಂಗಳು 18ರ ಬದಲು 6.5 ಮಾತ್ರ ಹೋಯಿತು. ಸುಮಾ ನನಗೆ ಫೋನ್ ಮಾಡಿ, "ಮೇಡಂ, ಕಾರ್ಡ್ ಮುಟ್ಟಲಿಲ್ಲ" ಎಂದರು. ನನಗೆ ಆ ಸಾಲ ತೀರಿದ ದಿನಕ್ಕಿಂತ ಜಾಸ್ತಿ ಸಂತೋಷ ಆಗಿದ್ದು ಅವತ್ತು. ಹನ್ನೆರಡನೇ ತಿಂಗಳು ಮುಗಿಯಬೇಕಿದ್ದ ಎರಡನೇ ಕಾರ್ಡ್ ಹದಿಮೂರಕ್ಕೆ ಮುಗಿಯಿತು. ಮೊದಲ ಕಾರ್ಡಿನವರು ನಡುವೆ ಸ್ವಲ್ಪ ಸ್ವಲ್ಪ ಮುಂಗಡ ತೆಗೆದುಕೊಳ್ಳುವುದಿಲ್ಲ ಎಂದಿದ್ದರಿಂದ, 18ನ್ನು ತಿಂಗಳು ತಿಂಗಳು ಬೇರೆ ಖಾತೆಯಲ್ಲಿ ಕೂಡಿಟ್ಟು, ಹದಿನೇಳನೇ ತಿಂಗಳು ಮುಂಗಡ ಮುಕ್ತಾಯದ ಶುಲ್ಕ ಸೇರಿಸಿ ಒಟ್ಟಿಗೆ ಕಟ್ಟಿದರು. ಮೂರರಿಂದಲೂ ಬಾಕಿ ಇಲ್ಲ ಎಂಬ ಪತ್ರ ತರಿಸಿಕೊಂಡರು. ಇದನ್ನು ಮರೆಯಬೇಡಿ. ಕೊನೆಯಲ್ಲಿ ಉಳಿದ ಚಿಲ್ಲರೆ ಬಡ್ಡಿಯೂ ಹಾಗೇ ಬೆಳೆಯುತ್ತದೆ. ಕೆಲವು ತಿಂಗಳ ನಂತರ ಕ್ರೆಡಿಟ್ ವರದಿ ತೆಗೆದು ಅಲ್ಲೂ ಸರಿಯಾಗಿದೆಯಾ ನೋಡಿ.

ಇದೇ ದಾರಿ ಎಲ್ಲರಿಗೂ ಆಗುವುದಿಲ್ಲ. ರಘು ಅವರಿಗೆ ಮನೆಖರ್ಚು ಕಳೆದು 30 ಉಳಿಯುತ್ತಿತ್ತು, ಬಡ್ಡಿ 13.55 ಇತ್ತು. ನಿಮ್ಮಲ್ಲಿ ಉಳಿಯುವುದು ಬಡ್ಡಿಗಿಂತ ಕಡಿಮೆಯಿದ್ದು, ಬಡ್ಡಿ ಇಳಿಸಲು ಯಾರೂ ಒಪ್ಪದಿದ್ದರೆ, ಎಷ್ಟು ಚೆನ್ನಾಗಿ ಬರೆದ ಯೋಜನೆಯೂ ಸಾಲ ಇಳಿಸುವುದಿಲ್ಲ. ಆಗ ಒಬ್ಬರೇ ಹೆಣಗಬೇಡಿ. ಶುಲ್ಕವಿಲ್ಲದೆ ಸಾಲದ ಸಲಹೆ ಕೊಡುವವರು ಅಥವಾ ವಕೀಲರನ್ನು ನೋಡಿ. ಹೋಗುವಾಗ ಮೂರು ಕಾಗದ ಕೈಯಲ್ಲಿರಲಿ: ಎಲ್ಲ ಸಾಲಗಳ ಪಟ್ಟಿ, ಒಂದು ತಿಂಗಳ ಖರ್ಚಿನ ಲೆಕ್ಕ, ಸಾಲ ಕೊಟ್ಟವರಿಗೆ ನೀವು ಬರೆದ ಪತ್ರದ ಪ್ರತಿ.