ಟಿ-ಟೆಸ್ಟ್ ಬಿಡಿ, ಮೂರು ನಿಮಿಷದ ವಿಡಿಯೊ ಹಿಡಿಯಿರಿ

ಯಾದಗಿರಿ ಹತ್ತಿರದ ಸರ್ಕಾರಿ ಶಾಲೆಯ ಆರನೇ ತರಗತಿಗೆ ‘ಎನಾಕ್ಟಿವಿಸ್ಟ್ ವಿಧಾನ’ದಲ್ಲಿ ಭಿನ್ನರಾಶಿ ಕಲಿಸಿ, ಅಂಕ ಎಷ್ಟು ಏರಿತೆಂದು ಎಂ.ಎಡ್. ಪ್ರಬಂಧದಲ್ಲಿ ತೋರಿಸಲು ಸಂಖ್ಯಾಶಾಸ್ತ್ರದ ಯಾವ ಪರೀಕ್ಷೆ (ಎರಡು ಸರಾಸರಿಗಳ ಅಂತರ ಆಕಸ್ಮಿಕವೋ ಎಂದು ನೋಡುವ ಟಿ-ಟೆಸ್ಟ್‌ನಂಥದ್ದು) ಬಳಸಲಿ ಅಂತ ಕೇಳಿದ್ದೀರಿ. ನನ್ನ ಹಳೆಯ ಸಿನಾಪ್ಸಿಸ್ ಓದಿದ ಹಾಗಾಯಿತು. ಯಾವ ಪರೀಕ್ಷೆಯೂ ಬೇಡ ರೀ. ಅಂಥದ್ದೊಂದು ಬೋಧನಾ ವಿಧಾನವೇ ಇಲ್ಲ.

ಎನಾಕ್ಟಿವಿಸಂ ಅನ್ನುವುದು ಅರಿವಿನ ಬಗೆಗಿನ ನಿಲುವು. ವರೇಲಾ, ಥಾಂಪ್ಸನ್, ರೋಶ್ 1991ರಲ್ಲಿ ಅದನ್ನು ಮುಂದಿಟ್ಟರು: ಹೊರಗಿನ ಜಗತ್ತಿನ ನಕಲು ತಲೆಯೊಳಗೆ ಕೂರುವುದು ಅರಿವಲ್ಲ, ಮೈ-ಕೈ ಸುತ್ತಲಿನದರ ಜತೆ ನಡೆಸುವ ಕ್ರಿಯೆಯಲ್ಲೇ ಅದು ಹುಟ್ಟುತ್ತದೆ. ಮತುರಾನಾ ಮತ್ತು ವರೇಲಾ ಜೀವಶಾಸ್ತ್ರದಿಂದ ತಂದ ಮಾತು ಇನ್ನೂ ಕಟು: ಮೇಷ್ಟ್ರ ಮಾತು ಮಗುವನ್ನು ಕೆಣಕಬಹುದು ಅಷ್ಟೇ, ಏನು ಬದಲಾಗುತ್ತದೆ ಎಂಬುದನ್ನು ಮಗುವಿನ ಆ ಹೊತ್ತಿನ ರಚನೆ ತೀರ್ಮಾನಿಸುತ್ತದೆ. ಪಾಠ ಕಾರಣ, ಅಂಕ ಪರಿಣಾಮ ಎನ್ನುವ ಲೆಕ್ಕ ಇದಕ್ಕೆ ಕೂಡುವುದಿಲ್ಲ. ಗೈಡ್‌ಗೆ ಟಿ-ಟೆಸ್ಟ್ ಬೇಕೇ ಬೇಕಾದರೆ ಶೀರ್ಷಿಕೆಯಿಂದ ಎನಾಕ್ಟಿವಿಸಂ ತೆಗೆದು ಸಾದಾ ಪ್ರಾಯೋಗಿಕ ಅಧ್ಯಯನ ಮಾಡಿ, ಅದರಲ್ಲಿ ಅವಮಾನವೇನಿಲ್ಲ.

ಎನಾಕ್ಟಿವಿಸಂ ಉಳಿಸಿಕೊಂಡರೆ ಪ್ರಬಂಧ ಕೆಡುವುದು ಒಂದೇ ಜಾಗದಲ್ಲಿ: ತರಗತಿ ನೋಡುತ್ತಿರುವಾಗಲೇ ತೀರ್ಪು ಬರೆಯುವುದು. 24 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕೊಟ್ಟು ಮೂರು ಸಮಭಾಗ ಮಡಚಲು ಹೇಳಿ. ನಾಲ್ಕು ಭಾಗ ಸಲೀಸು, ಅರ್ಧದ ಅರ್ಧ. ಮೂರು ಹಾಗಲ್ಲ. ಒಂದು ಹುಡುಗಿಯ ಭಾಗಗಳು 9, 7.5, 7.5 ಬಂದವು ಅನ್ನಿ. ಟಿಪ್ಪಣಿಯಲ್ಲಿ ‘ಸಮಭಾಗದ ಪರಿಕಲ್ಪನೆ ಬಂದಿಲ್ಲ’ ಎಂದು ಬರೆದರೆ ಕಥೆ ಮುಗಿಯಿತು. ಅವಳು ಪಟ್ಟಿ ಬಿಚ್ಚಿದ್ದು, ಅಂಚಿಗೆ ಅಂಚು ಕೂಡುವವರೆಗೆ ಮಡಿಕೆಯನ್ನು ಬೆರಳಲ್ಲಿ ಸರಿಸಿದ್ದು, ಪಕ್ಕದವಳ ಪಟ್ಟಿಯ ಮೇಲಿಟ್ಟು ನೋಡಿದ್ದು ಯಾವುದೂ ಉಳಿಯುವುದಿಲ್ಲ. ಸಮಭಾಗದ ಅರಿವು ಇದ್ದದ್ದು ಅಲ್ಲೇ. ಕಂಡದ್ದಕ್ಕೆ ಹಚ್ಚಲು ಮುಂಚೆಯೇ ಬರೆದಿಟ್ಟ ಹಣೆಪಟ್ಟಿಗಳು, ಅಂದರೆ ಕೋಡ್‌ಗಳೂ ಇದನ್ನೇ ಮಾಡುತ್ತವೆ, ಸ್ವಲ್ಪ ಸಭ್ಯವಾಗಿ. ಕಾಗದಕ್ಕೆ ಇಳಿಯುವುದು ನಿಮ್ಮ ನಿರೀಕ್ಷೆ. ಆಮೇಲೆ ಎಷ್ಟು ವಿಶ್ಲೇಷಿಸಿದರೂ ಸಿಗುವುದು ನೀವೇ.

ಇದಕ್ಕೆ ಮದ್ದು ಇದೆ. ಗಣಿತ ಶಿಕ್ಷಣದ ಸಂಶೋಧಕಿ ಬಾರ್ಬರಾ ಜಾವರ್ಸ್ಕಿಯಿಂದ ಬಂದು ಬ್ರಿಸ್ಟಲ್‌ನ ಆಲ್ಫ್ ಕೋಲ್ಸ್ ಬೆಳೆಸಿದ ಕ್ರಮವದು. ತರಗತಿಯ ವಿಡಿಯೊದ ಮೂರು ನಿಮಿಷದ ತುಣುಕನ್ನು ಒಮ್ಮೆ ಹಾಕಿ ನಿಲ್ಲಿಸಿ. ನೀವು, ಪಾಠ ಮಾಡಿದವರು, ಇನ್ನೊಬ್ಬ ಗಣಿತ ಶಿಕ್ಷಕರು ಕಂಡದ್ದು-ಕೇಳಿದ್ದನ್ನು ಮಾತ್ರ ಹೇಳಬೇಕು. ‘ಗೊಂದಲವಾಯಿತು’, ‘ಲಕ್ಷ್ಯ ಇರಲಿಲ್ಲ’ ಎಂದವರನ್ನು ತಡೆಯಿರಿ. ಕಂಡದ್ದರಲ್ಲೇ ಜಗಳ ಬಂದರೆ (ಬರುತ್ತದೆ) ಮತ್ತೆ ಹಾಕಿ. ವ್ಯಾಖ್ಯಾನ ಆಮೇಲೆ. ಎರಡು ವಾರ ಬಿಟ್ಟು ಅದೇ ತುಣುಕಿಗೆ ಮರಳಿ, ಮೊದಲ ಓದು ಎಲ್ಲಿ ಬದಲಾಯಿತೆಂದು ಬರೆದಿಡಿ. ಆ ಬದಲಾವಣೆಯೂ ದತ್ತಾಂಶವೇ, ನೋಡುವವರು ಹೊರಗೆ ನಿಂತಿಲ್ಲವಲ್ಲ.

ಚಿತ್ರೀಕರಣಕ್ಕೆ ಎರಡು ಮೊಬೈಲ್ ಸಾಕು: ಒಂದು ಬೋರ್ಡಿನತ್ತ, ಇನ್ನೊಂದು ಒಂದೇ ಗುಂಪಿನ ಕೈಗಳತ್ತ. ಫ್ಲೈಟ್ ಮೋಡ್ ಮರೆತರೆ ನಡುವೆ ಕರೆ ಬರುತ್ತದೆ. ಫ್ಯಾನಿನ ಸದ್ದು ಮಾತನ್ನು ನುಂಗುವುದರಿಂದ ಧ್ವನಿಗೆ ಮೂರನೇ ಫೋನನ್ನು ಬಟ್ಟೆ ಹಾಸಿ ಗುಂಪಿನ ಮಧ್ಯೆ ಇಡಿ. ಬಿಇಒ, ಮುಖ್ಯಗುರು, ಪಾಲಕರ ಅನುಮತಿ ಲಿಖಿತವಾಗಿರಲಿ. ಮಕ್ಕಳನ್ನೂ ಕೇಳಿ. ಲಿಪ್ಯಂತರಕ್ಕೆ ಮೂರು ಕಾಲಂ: ಸಮಯ, ಮಾತು, ಕೈ. ದಖ್ಖನಿಯಲ್ಲೋ ಲಂಬಾಣಿಯಲ್ಲೋ ಆಡಿದ್ದು ಹಾಗೆಯೇ ಇರಲಿ, ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ವ್ಯಾಖ್ಯಾನಕ್ಕೆ ಸೂಸನ್ ಪೀರಿ ಮತ್ತು ಟಾಮ್ ಕೀರನ್ ಅವರ ಎಂಟು ವಲಯಗಳ ಮಾದರಿ ಹೊಂದುತ್ತದೆ: ಗಣಿತದ ತಿಳಿವಳಿಕೆ ಬೆಳೆಯುವುದನ್ನು ಒಂದರೊಳಗೊಂದು ಇರುವ ವಲಯಗಳಾಗಿ ತೋರಿಸುವ ಚಿತ್ರ, ಕೈಯಲ್ಲಿ ಮಾಡಿ ನೋಡುವುದು ಒಳಗಿನ ವಲಯಗಳಲ್ಲಿ, ಸೂತ್ರವಾಗಿ ಹೇಳುವುದು ಹೊರಗಿನವುಗಳಲ್ಲಿ. ಅದನ್ನು ಎಂಟು ಮೆಟ್ಟಿಲು ಅಂತ ಓದಬೇಡಿ. ‘ಛೇದ ದೊಡ್ಡದಾದರೆ ಭಾಗ ಸಣ್ಣದು’ ಎಂದು ಹೇಳಬಲ್ಲ ಹುಡುಗಿ 2/3 ಮತ್ತು 3/4 ಹೋಲಿಸಲು ಮತ್ತೆ ಪಟ್ಟಿ ಎತ್ತಿಕೊಂಡು 16 ಮತ್ತು 18 ಸೆಂ.ಮೀ. ಪಕ್ಕಪಕ್ಕ ಇಟ್ಟರೆ ಅದು ಹಿಂಜರಿತವಲ್ಲ. ಒಳವಲಯಕ್ಕೆ ಮರಳಿದ್ದಾಳೆ, ಈ ಸಲ ಏನು ಹುಡುಕಬೇಕೆಂದು ಗೊತ್ತಿದೆ. ಅಂಥ ಕಡೆ ಸಮಯ ಗುರುತು ಹಾಕಿ, ಮರಳಿಸಿದ್ದು ಮೇಷ್ಟ್ರ ಪ್ರಶ್ನೆಯೋ, ಗೆಳತಿಯ ಮಾತೋ, ತಾನಾಗಿಯೋ ಎಂದು ಬರೆಯಿರಿ. ಎಂ.ಎಡ್. ಮಟ್ಟಕ್ಕೆ ಇಂಥ ಮೂರ್ನಾಲ್ಕು ತುಣುಕು ಧಾರಾಳ.