ಸಂಪಾದಕರ ಉತ್ತರ: 62 ದಾಖಲೆಗಳಿವೆ, ವಿಧಾನ ಎಲ್ಲಿದೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂದು ಕೋರಿ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. 40 ಮಂದಿಯ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಅವರು ಟೆಸ್ಟಿಂಗ್ ಕೆಲಸದಲ್ಲಿದ್ದರು. ಎರಡು ವರ್ಷಗಳ ಹಿಂದೆ ದೊಡ್ಡ ಗ್ರಾಹಕರೊಬ್ಬರು ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001 ಪ್ರಮಾಣಪತ್ರ ಕೇಳಿದಾಗ, ‘ನೀವು ಚೆನ್ನಾಗಿ ಬರೆಯುತ್ತೀರಿ’ ಎಂಬ ಕಾರಣಕ್ಕೆ ಗುಣಮಟ್ಟದ ಹೊಣೆ ಅವರ ತಲೆಗೆ ಬಂತು. ಸಲಹೆಗಾರರೊಬ್ಬರು 62 ದಾಖಲೆಗಳ ಸಿದ್ಧ ಮಾದರಿ ಕೊಟ್ಟರು. ಅದರಲ್ಲಿ ಸಂಸ್ಥೆಯ ಹೆಸರು ತುಂಬಿದ್ದಾಯಿತು, ಪ್ರಮಾಣಪತ್ರವೂ ಬಂತು. ಈಗ ಪ್ರತಿ ಆಡಿಟ್‌ನ ಹಿಂದಿನ ವಾರ ಎಲ್ಲರೂ ರಾತ್ರಿ ಕುಳಿತು, ನಡೆಯದೇ ಇದ್ದ ರಿವ್ಯೂ ಸಭೆಗಳ ನಡಾವಳಿಯನ್ನು ಹಳೆಯ ತಾರೀಖು ಹಾಕಿ ಬರೆಯುತ್ತಾರಂತೆ. ‘ಜನ ಪಾಲಿಸುವಂತೆ ಮಾಡುವುದು ಹೇಗೆ? ನಾವು ಅಜೈಲ್ (ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಸಾಫ್ಟ್‌ವೇರ್ ಕಟ್ಟುವ ಪದ್ಧತಿ), ನಮಗೆ ಪ್ರಕ್ರಿಯೆ ಬೇಡ ಎನ್ನುವ ಹುಡುಗರಿಗೆ ಏನು ಹೇಳಲಿ? ಇಷ್ಟು ಚಿಕ್ಕ ಸಂಸ್ಥೆಗೆ ಇದೆಲ್ಲ ಬೇಕೆ?’ ಎಂದು ಕೇಳಿದ್ದಾರೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ: ಈ ದಾಖಲೆಗಳನ್ನು ಕನ್ನಡದಲ್ಲಿ ಬರೆಯಬಹುದೆ?

ಮಾನ್ಯರೆ,

ಓದು ಬರಹ ಬಲ್ಲ 40 ಮಂದಿ ಎರಡು ವರ್ಷ ಕಾಲ ಒಂದು ವಿಧಾನದ ಕಡೆ ತಿರುಗಿಯೂ ನೋಡಿಲ್ಲವೆಂದರೆ, ಅವರ ಶಿಸ್ತಿನ ಮಾತೆತ್ತುವ ಮೊದಲು ಆ ವಿಧಾನವನ್ನು ಯಾರ ಕೆಲಸ ನೋಡಿ ಬರೆದರು ಎಂದು ವಿಚಾರಿಸುವುದು ನ್ಯಾಯ. ನಿಮ್ಮ ಪತ್ರವೇ ಹೇಳುವಂತೆ, ನಿಮ್ಮಲ್ಲಿ ಯಾರ ಕೆಲಸವನ್ನೂ ನೋಡದೆ ಅದನ್ನು ಬರೆಯಲಾಗಿದೆ. ಬೇರೆಯವರ ಅಳತೆಗೆ ಹೊಲಿದ ಅಂಗಿ ತಂದು ತೊಡಿಸಿ, ತೋಳು ಉದ್ದವಾಯಿತೆಂದು ತೊಟ್ಟವನನ್ನು ಬೈದರೆ ಅವನು ಅದನ್ನು ಕಳಚಿ ಗೂಟಕ್ಕೆ ನೇತುಹಾಕುತ್ತಾನೆ. ನಿಮ್ಮಲ್ಲಿ ಆಗಿರುವುದೂ ಅದೇ.

62 ಎಂಬ ಸಂಖ್ಯೆ ಐಎಸ್‌ಒ ವಿಧಿಸಿದ್ದೆಂದು ನಿಮ್ಮ ನಿರ್ದೇಶಕರು ನಂಬಿರುವಂತೆ ಕಾಣುತ್ತದೆ. 1987ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 9001 ಮಾನದಂಡ ಹಲವು ಬಾರಿ ಪರಿಷ್ಕರಣೆಗೊಂಡಿದೆ. 2008ರ ಆವೃತ್ತಿಯೂ ಸಹ, ಬರಹದಲ್ಲಿ ಇರಲೇಬೇಕೆಂದು ಹೆಸರಿಸಿದ್ದ ಕಾರ್ಯವಿಧಾನಗಳು ಆರೇ ಆರು. ಜೊತೆಗೆ ಒಂದು ಗುಣಮಟ್ಟದ ಕೈಪಿಡಿ. 2015ರ ಆವೃತ್ತಿ ಆ ಆರನ್ನೂ ಕೈಪಿಡಿಯನ್ನೂ ಕಡ್ಡಾಯದ ಪಟ್ಟಿಯಿಂದ ಕೈಬಿಟ್ಟಿತು. ಎಷ್ಟು ಬರೆದಿಡಬೇಕೆಂಬುದು ಸಂಸ್ಥೆಯ ಗಾತ್ರ, ಕೆಲಸದ ಸ್ವರೂಪ, ಪ್ರಕ್ರಿಯೆಗಳ ಜಟಿಲತೆ ಮತ್ತು ಕೆಲಸ ಮಾಡುವವರ ಸಾಮರ್ಥ್ಯವನ್ನು ಅನುಸರಿಸಿ ಬೇರೆಬೇರೆಯಾಗಬಹುದೆಂದು ಅದು ಬಾಯಿಬಿಟ್ಟೇ ಹೇಳುತ್ತದೆ. ವ್ಯಾಪ್ತಿ, ನೀತಿ, ಗುರಿಗಳು, ಕೆಲವು ಬಗೆಯ ದಾಖಲೆಗಳು ಇಂದಿಗೂ ಬೇಕು, ನಿಜ. ಆದರೆ 62 ಎಂಬುದು ಸಲಹೆಗಾರರ ಪೆನ್‌ಡ್ರೈವಿನಲ್ಲಿದ್ದ ಕಡತಗಳ ಲೆಕ್ಕ.

ಹಳೆಯ ತಾರೀಖು ಹಾಕುವ ಕೆಲಸವನ್ನಂತೂ ಇಂದೇ ನಿಲ್ಲಿಸಿ. ನಡೆಯದ ಸಭೆಗೆ ನಡಾವಳಿ ಬರೆಯುವುದಕ್ಕೆ ಕನ್ನಡದಲ್ಲಿ ಬೇರೆಯೇ ಹೆಸರಿದೆ. ‘ಈ ರಿವ್ಯೂ ನಡೆಯಲಿಲ್ಲ’ ಎಂದು ಆಡಿಟರಿಗೆ ನೇರವಾಗಿ ಹೇಳಿದರೆ ಅವರು ಒಂದು ನ್ಯೂನತೆ ಬರೆದುಕೊಳ್ಳುತ್ತಾರೆ, ಕಾರಣ ಹುಡುಕಿ ಸರಿಪಡಿಸಲು ಕಾಲಾವಕಾಶ ಕೊಡುತ್ತಾರೆ. ಆ ನ್ಯೂನತೆ ನಿಮಗೆ ಉಪಕಾರವನ್ನೇ ಮಾಡುತ್ತದೆ.

ನಮ್ಮ ಕಚೇರಿಯ ಸಂಗತಿಯೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ದೀಪಾವಳಿ ವಿಶೇಷಾಂಕದ ಎರಡು ಪುಟಗಳು ತಿದ್ದುವ ಮೊದಲಿನ ಕರಡಿನಂತೆಯೇ ಅಚ್ಚಾಗಿ ಬಂದವು. ಲೇಖಕರ ಹೆಸರೇ ತಪ್ಪಾಗಿತ್ತು. ಕರಡು ನೋಡಿದವರು ತಪ್ಪನ್ನು ಗುರುತು ಮಾಡಿದ್ದರು, ಪುಟ ಕಟ್ಟುವವರು ಸರಿಪಡಿಸಿದ್ದರು. ಆದರೆ ಸರಿಪಡಿಸಿದ ಕಡತದ ಹೆಸರು ‘ಫೈನಲ್ ಹೊಸದು’. ಮುದ್ರಣಾಲಯಕ್ಕೆ ಹೋದದ್ದು ‘ಫೈನಲ್’. ನಾನು ಸಿಟ್ಟಿನಲ್ಲಿ ಏಳು ಪುಟಗಳ ನಿಯಮಾವಳಿ ಬರೆದು ಎಲ್ಲರಿಂದ ಸಹಿ ಪಡೆದೆ. ಅದನ್ನು ಎರಡನೆಯ ಸಲ ಯಾರೂ ಓದಲಿಲ್ಲ, ನಾನೂ ಓದಲಿಲ್ಲ. ಉಪಾಯ ಹೂಡಿದವರು ಪುಟ ಕಟ್ಟುವ ಸಹೋದ್ಯೋಗಿ. ಮುದ್ರಣಾಲಯಕ್ಕೆ ಕಳುಹಿಸಬೇಕಾದ ಕಡತದಿಂದಲೇ ಒಂದು ಪ್ರತಿ ತೆಗೆದು, ಕೆಂಪು ಗುರುತುಗಳಿರುವ ಹಳೆಯ ಕರಡಿನ ಪಕ್ಕದಲ್ಲಿಟ್ಟು, ಕರಡು ತಿದ್ದಿದವರನ್ನು ಕರೆದು ತೋರಿಸಿ, ಬಲಗಡೆಯ ಮೂಲೆಯಲ್ಲಿ ಇಬ್ಬರೂ ಸಹಿ ಮಾಡುವ ಪದ್ಧತಿ ಅವರು ತಂದರು. ಸಹಿ ಬೀಳದ ಪುಟವನ್ನು ಅವರು ಕಳುಹಿಸುವುದಿಲ್ಲ, ನಾನು ಹೇಳಿದರೂ ಇಲ್ಲ. ಏಳು ಪುಟಗಳ ನಿಯಮಾವಳಿ ಈಗ ಎಲ್ಲಿದೆಯೋ ಗೊತ್ತಿಲ್ಲ.

ಆ ತಪ್ಪು ಯಾರ ಕೆಲಸದೊಳಗೂ ಆಗಿರಲಿಲ್ಲ, ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಸಂದಿನಲ್ಲಿ ಆಗಿತ್ತು. ಸಾಫ್ಟ್‌ವೇರಿನಲ್ಲೂ ಇದು ಹೀಗೆಯೇ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ತಂತ್ರಜ್ಞರು ಒಂದನ್ನು ಬಿಟ್ಟಿದ್ದರು. ಆ ಒಂದರಲ್ಲಿ ವರ್ಷಗಳಿಂದ ಬಳಕೆ ತಪ್ಪಿ ಮಲಗಿದ್ದ ಹಳೆಯ ಕೋಡು ಎದ್ದು ಕುಳಿತು ಷೇರುಗಳನ್ನು ಕೊಳ್ಳತೊಡಗಿತು, ಮಾರತೊಡಗಿತು. ಎರಡನೆಯ ತಂತ್ರಜ್ಞರೊಬ್ಬರು ನೋಡಿ ಖಚಿತಪಡಿಸಲಿಲ್ಲ, ನೋಡಬೇಕೆನ್ನುವ ಲಿಖಿತ ವಿಧಾನವೂ ಅಲ್ಲಿರಲಿಲ್ಲ ಎಂದು ಅಲ್ಲಿನ ಷೇರು ನಿಯಂತ್ರಣ ಆಯೋಗ 2013ರ ಆದೇಶದಲ್ಲಿ ದಾಖಲಿಸಿದೆ. ಅದೇ ಆದೇಶದ ಇನ್ನೊಂದು ಸಂಗತಿಯನ್ನು ನಾನು ಮರೆಯಲಾರೆ: ಅಂದು ಮಾರುಕಟ್ಟೆ ತೆರೆಯುವ ಮೊದಲೇ ಆ ಸಂಸ್ಥೆಯ ವ್ಯವಸ್ಥೆ ತಪ್ಪನ್ನು ಸೂಚಿಸುವ 97 ಮಿಂಚಂಚೆಗಳನ್ನು ನೌಕರರಿಗೆ ಕಳುಹಿಸಿತ್ತು. ಅವನ್ನು ಎಚ್ಚರಿಕೆಯ ಸಂದೇಶಗಳೆಂದು ರೂಪಿಸಿರಲಿಲ್ಲ, ನೌಕರರು ಸಾಮಾನ್ಯವಾಗಿ ಅವನ್ನು ನೋಡುತ್ತಲೂ ಇರಲಿಲ್ಲ.

ಆದ್ದರಿಂದ ನಿಮ್ಮ 62ನ್ನು ಬದಿಗಿಟ್ಟು, ಬರುವ ತಿಂಗಳು ನಿಮ್ಮಲ್ಲಿ ನಡೆಯಲಿರುವ ಒಂದೇ ಒಂದು ರಿಲೀಸನ್ನು, ಅಂದರೆ ಹೊಸ ಆವೃತ್ತಿಯ ಬಿಡುಗಡೆಯನ್ನು, ಆರಿಸಿಕೊಳ್ಳಿ. ಗ್ರಾಹಕರ ಬೇಡಿಕೆ ಬಂದ ದಿನದಿಂದ ಅದು ಅವರ ಸರ್ವರ್ ಸೇರುವ ತನಕ ಆ ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು, ಆದದ್ದನ್ನು ಆದಂತೆಯೇ ಗೋಡೆಗೆ ಅಂಟಿಸಿದ ಉದ್ದನೆಯ ಕಾಗದದ ಮೇಲೆ ಬರೆಯುತ್ತಾ ಹೋಗಿ. ಯಾರು ಯಾರಿಗಾಗಿ ಎಷ್ಟು ದಿನ ಕಾದರು, ಯಾವ ವಿಷಯವನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡರು, ಯಾವುದು ಎರಡು ಬಾರಿ ಹಿಂದಕ್ಕೆ ಬಂತು, ಎಲ್ಲವೂ ಇರಲಿ. ‘ಹೀಗೆ ಮಾಡಬೇಕಿತ್ತು’ ಎಂಬ ಮಾತು ಆ ಕಾಗದದ ಮೇಲೆ ಬರಕೂಡದು. ಬರೆದಾದ ಮೇಲೆ ಕೈ ಬದಲಾದ ಜಾಗಗಳಿಗೆಲ್ಲ ಕೆಂಪು ಸುತ್ತು ಹಾಕಿ. ಪ್ರತಿ ಸುತ್ತಿನಲ್ಲೂ ಕೇಳಬೇಕಾದದ್ದು ಎರಡೇ: ಏನಿದ್ದರೆ ಮುಂದಿನವರು ಈ ಕೆಲಸವನ್ನು ತೆಗೆದುಕೊಳ್ಳಬೇಕು, ಏನಿಲ್ಲದಿದ್ದರೆ ಮರಳಿಸಬೇಕು. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಕೋಡ್ ಪರಿಶೀಲನಾ ವಿಧಾನದ ಬೆನ್ನೆಲುಬೂ ಇದೇ, ಒಳಬರುವ ಷರತ್ತು ಮತ್ತು ಹೊರಹೋಗುವ ಷರತ್ತು. ಒಂದು ಬೈಠಕ್ಕು ಎರಡು ಗಂಟೆ ಮೀರಬಾರದೆಂಬ ಅವರ ಕಟ್ಟುಪಾಡನ್ನೂ ಕಣ್ಣಿಗೊತ್ತಿಕೊಂಡು ಪಾಲಿಸಬಹುದು.

ರಿಲೀಸಿನ ಕೆಂಪು ಸುತ್ತಿನ ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆದರೆ ಅದು ಅರ್ಧ ಪುಟವಾಗುತ್ತದೆ. ಹೋಗುತ್ತಿರುವ ಆವೃತ್ತಿಯ ಸಂಖ್ಯೆ. ಹೋಗಬೇಕಾದ ಸರ್ವರ್‌ಗಳು, ‘ಎಲ್ಲ’ ಎಂದು ಬರೆಯದೆ ಒಂದೊಂದರ ಹೆಸರು. ಹಾಕಿದವರು, ನೋಡಿದವರು, ಈ ಇಬ್ಬರೂ ಬೇರೆಬೇರೆ. ಡೇಟಾಬೇಸಿನ ಬ್ಯಾಕಪ್ ತೆಗೆದ ಹೊತ್ತು, ಮತ್ತು ಅದನ್ನು ಕೊನೆಯ ಬಾರಿ ಮರಳಿ ಹಾಕಿ ನೋಡಿದ ದಿನ. ಕೆಟ್ಟರೆ ಹಳೆಯ ಆವೃತ್ತಿಗೆ ಹಿಂತಿರುಗುವ ಕ್ರಮ. ರಾತ್ರಿ ಯಾರಿಗೆ ಫೋನು ಮಾಡಬೇಕು. ಇದನ್ನು ನೀವೊಬ್ಬರೇ ಬರೆಯಬೇಡಿ. ರಾತ್ರಿ ಆ ಫೋನು ಎತ್ತುವವರಿಂದ ಬರೆಸಿ, ನೀವು ಕಾಗುಣಿತ ತಿದ್ದಿ.

ಹೀಗೆ ಒಂದೊಂದಾಗಿ ಹೋದರೆ ಇಡೀ ಸಂಸ್ಥೆಗೆ ಪ್ರಕ್ರಿಯೆ ಯಾವಾಗ ಸಿದ್ಧವಾದೀತೆಂದು ನಿರ್ದೇಶಕರು ಕೇಳಬಹುದು. ವಾಟ್ಸ್ ಹಂಫ್ರಿಯವರ ಚಿಂತನೆಯಿಂದ ಬೆಳೆದು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ, ಸಂಸ್ಥೆಯ ಪ್ರಕ್ರಿಯೆ ಎಷ್ಟು ಪಕ್ವವೆಂದು ಹಂತಹಂತವಾಗಿ ಅಳೆಯುವ ಸಿಎಂಎಂ ಮಾದರಿಯನ್ನು ಅವರಿಗೆ ತೋರಿಸಿ. ಅದರ 1993ರ ಆವೃತ್ತಿಯಲ್ಲಿ 5 ಹಂತಗಳಲ್ಲಿ 18 ಪ್ರಕ್ರಿಯಾ ಕ್ಷೇತ್ರಗಳಿವೆ. ಬೇಡಿಕೆಗಳ ನಿರ್ವಹಣೆ, ಯೋಜನೆ, ಅದರ ಮೇಲೆ ನಿಗಾ, ಆವೃತ್ತಿಗಳ ನಿಯಂತ್ರಣ ಮುಂತಾದವು ಎರಡನೆಯ ಹಂತದಲ್ಲಿ, ಆಯಾ ಪ್ರಾಜೆಕ್ಟ್ ತನ್ನ ಮಟ್ಟಿಗೆ ಮಾಡಿಕೊಳ್ಳಬೇಕಾದ ಕೆಲಸಗಳಾಗಿ ಬರುತ್ತವೆ. ಇಡೀ ಸಂಸ್ಥೆಗೊಂದು ಪ್ರಮಾಣಿತ ಪ್ರಕ್ರಿಯೆ ಎಂಬ ಮಾತು ಮೂರನೆಯ ಹಂತದಲ್ಲಿ, ಅಲ್ಲಿಯೂ ಪ್ರಾಜೆಕ್ಟಿಗೆ ತಕ್ಕಂತೆ ಕತ್ತರಿಸಿಕೊಳ್ಳುವ ಅವಕಾಶದೊಡನೆ ಬರುತ್ತದೆ. ನೀವು ಮೂರನೆಯದನ್ನು ಮೊದಲು ಕೊಂಡು ತಂದಿದ್ದೀರಿ, ಎರಡನೆಯದನ್ನು ಮಾಡಿಯೇ ಇಲ್ಲ.

ಅಜೈಲ್ ಹುಡುಗರ ವಿಷಯ ಬೇಗ ಮುಗಿಯುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ಹೊರಡಿಸಿದ ಅಜೈಲ್ ಪ್ರಣಾಳಿಕೆ, ಪ್ರಕ್ರಿಯೆ ಮತ್ತು ಸಾಧನಗಳಿಗಿಂತ ವ್ಯಕ್ತಿಗಳಿಗೂ ಅವರ ಒಡನಾಟಕ್ಕೂ ಹೆಚ್ಚು ಬೆಲೆ ಕೊಟ್ಟಿತು. ಪ್ರಕ್ರಿಯೆಗೂ ಬೆಲೆಯಿದೆ ಎಂದು ಅದೇ ಪ್ರಣಾಳಿಕೆಯಲ್ಲಿದೆ. ಅಜೈಲ್ ಪದ್ಧತಿಗಳಲ್ಲೊಂದಾದ ಸ್ಕ್ರಮ್ಮಿನಲ್ಲಿ ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಒಂದು ತಿಂಗಳು ಮೀರುವಂತಿಲ್ಲ, ದಿನದ ಸಭೆ 15 ನಿಮಿಷ ಮೀರುವಂತಿಲ್ಲ, ‘ಮುಗಿಯಿತು’ ಎನ್ನಬೇಕಾದರೆ ಎಲ್ಲರೂ ಮೊದಲೇ ಒಪ್ಪಿದ ವ್ಯಾಖ್ಯೆ ಇರಬೇಕು. ಇದಕ್ಕಿಂತ ಬಿಗಿಯಾದ ಪ್ರಕ್ರಿಯೆಯನ್ನು ನಿಮ್ಮ ಸಲಹೆಗಾರರೂ ಬರೆದಿರಲಾರರು. ‘ನಿಮ್ಮ ಮುಗಿಯಿತು ಎಂಬುದರ ಅರ್ಥವನ್ನು ಬೋರ್ಡಿನ ಮೇಲೆ ಬರೆಯಿರಪ್ಪ’ ಎಂದು ಕೇಳಿ. ಅವರು ಬರೆದದ್ದೇ ನಿಮ್ಮ ದಾಖಲೆ.

ಜಾರಿಯ ವಿಷಯದಲ್ಲಿ ನನಗೆ ಹುಡುಗರಿಗಿಂತ ನಿರ್ದೇಶಕರ ಬಗ್ಗೆಯೇ ಅನುಮಾನ ಹೆಚ್ಚು. ಶುಕ್ರವಾರ ಸಂಜೆ ಗ್ರಾಹಕರು ಫೋನು ಮಾಡಿ ಕೂಗಾಡಿದಾಗ ‘ಈಗ ಹಾಕಿಬಿಡಿ, ಪೇಪರ್ ಆಮೇಲೆ ನೋಡೋಣ’ ಎಂದು ಅವರು ಒಮ್ಮೆ ಹೇಳಿದರೆ, ನೀವು ಆರು ತಿಂಗಳು ಕೊಟ್ಟ ತರಬೇತಿ ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ತುರ್ತಿನ ದಾರಿಯನ್ನೂ ಮೊದಲೇ ಬರೆದಿಡಿ: ಇಬ್ಬರು ಇರಲೇಬೇಕು, ಹಿಂತಿರುಗುವ ಕ್ರಮ ತಿಳಿದಿರಲೇಬೇಕು, ಉಳಿದದ್ದನ್ನು ಮರುದಿನ ಬೆಳಿಗ್ಗೆ 11ರ ಒಳಗೆ, ಮರುದಿನದ ತಾರೀಖಿನಲ್ಲೇ ಬರೆಯಬೇಕು. ತುರ್ತಿಗೆ ಬಾಗಿಲು ಇಲ್ಲದ ವಿಧಾನವನ್ನು ಜನ ಕಿಟಕಿಯಿಂದ ಹಾರಿ ದಾಟುತ್ತಾರೆ.

ಕಂಪ್ಯೂಟರಿಗೆ ವಹಿಸಬಹುದಾದದ್ದನ್ನು ಮನುಷ್ಯರ ನೆನಪಿಗೆ ಬಿಡಬೇಡಿ. ಇನ್ನೊಬ್ಬರು ಒಪ್ಪಿಗೆ ಕೊಡದ ಕೋಡು ಮುಖ್ಯ ಶಾಖೆಗೆ ಸೇರದಂತೆ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನ ವ್ಯವಸ್ಥೆಯಲ್ಲೇ ತಡೆ ಹಾಕಬಹುದು. ಹಾಗೆ ಮಾಡಿದರೆ ರಿವ್ಯೂ ನಡೆದದ್ದಕ್ಕೆ ದಾಖಲೆ ತಾನಾಗಿಯೇ ತಾರೀಖಿನ ಸಮೇತ ಉಳಿಯುತ್ತದೆ, ಆಡಿಟರ್ ಅದನ್ನೇ ನೋಡಬಹುದು. ಆ ದಾಖಲೆಯಿಂದ ಯಾರ ಕೋಡಿನಲ್ಲಿ ಎಷ್ಟು ತಪ್ಪೆಂದು ಎಣಿಸಿ ವರ್ಷಾಂತ್ಯದ ಸಂಬಳ ಏರಿಕೆಗೆ ತಳಕು ಹಾಕಿದಿರೋ, ಮರುದಿನದಿಂದ ತಪ್ಪುಗಳು ಕಡತ ಬಿಟ್ಟು ಕಾಫಿ ಕುಡಿಯುವ ಜಾಗಕ್ಕೆ ಹೋಗುತ್ತವೆ. ಆರು ವಾರಕ್ಕೊಮ್ಮೆ ಕುಳಿತು, ಈ ಅವಧಿಯಲ್ಲಿ ನಿಮ್ಮ ಲಿಖಿತ ವಿಧಾನದಲ್ಲಿ ಯಾವ ತಪ್ಪನ್ನೂ ಹಿಡಿಯದ ಸಾಲುಗಳಲ್ಲಿ ಯಾವುದನ್ನು ಹೊಡೆದುಹಾಕಬಹುದೆಂದು ಕೇಳುವುದನ್ನು ಮರೆಯಬೇಡಿ.

ಇಷ್ಟು ಚಿಕ್ಕ ಸಂಸ್ಥೆಗೆ ಬೇಕೆ ಎಂಬ ಪ್ರಶ್ನೆ ಉಳಿಯಿತು. ಮಂಡ್ಯ ಸೀಮೆಯ ಕೆರೆಗಳ ಅಚ್ಚುಕಟ್ಟಿನಲ್ಲಿ ನೀರುಗಂಟಿ ಯಾವ ಕೈಪಿಡಿಯನ್ನೂ ಓದದೆ ತೂಬು ಎತ್ತುತ್ತಿದ್ದ. ಯಾರ ಗದ್ದೆಗೆ ಯಾವ ಸರದಿಯಲ್ಲಿ ನೀರೆಂಬುದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು, ಅವನ ಮಗನಿಗೂ ಗೊತ್ತಿತ್ತು. ಐದಾರು ಮಂದಿ ಹತ್ತು ವರ್ಷ ಜೊತೆಗಿರುವ ಸಂಸ್ಥೆಗೆ ಅಷ್ಟು ಸಾಕು. ನಿಮ್ಮಲ್ಲಿ ಕಳೆದ ವರ್ಷ ಒಂಬತ್ತು ಮಂದಿ ಬೆಂಗಳೂರಿಗೆ ಹೋದರೆಂದು ಬರೆದಿದ್ದೀರಿ. ಅವರಲ್ಲೊಬ್ಬರು ಬಿಟ್ಟುಹೋದ ವೇತನಪಟ್ಟಿಯ ಪ್ರೋಗ್ರಾಮನ್ನು ಈಗಲೂ ಅವರಿಗೇ ಫೋನು ಮಾಡಿ ನಡೆಸುತ್ತಿದ್ದೀರೆಂದೂ ಬರೆದಿದ್ದೀರಿ. ರಿಲೀಸಿನ ನಂತರ ಎರಡನೆಯ ಕೆಂಪು ಸುತ್ತು ಎಲ್ಲಿ ಬೀಳಬೇಕೆಂದು ಆ ಸಾಲೇ ಹೇಳುತ್ತದೆ.

ಕನ್ನಡದ ಬಗ್ಗೆ: ಧಾರಾಳವಾಗಿ ಬರೆಯಬಹುದು. 2015ರ ಮಾನದಂಡ ದಾಖಲೆಯ ಭಾಷೆ ಮತ್ತು ರೂಪ ಸೂಕ್ತವಾಗಿರಬೇಕೆಂದು ಕೇಳುತ್ತದೆ, ಇಂಥದೇ ಭಾಷೆ ಎನ್ನುವುದಿಲ್ಲ. ಗ್ರಾಹಕರಿಗೆ ತೋರಿಸುವಂಥದು ಇಂಗ್ಲಿಷಿನಲ್ಲಿರಲಿ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ನೋಡಬೇಕಾದ ಅರ್ಧ ಪುಟ ಮಾತ್ರ ನಿಮ್ಮ ಕಚೇರಿಯಲ್ಲಿ ಆಡುವ ಕನ್ನಡದಲ್ಲೇ ಇರಲಿ. ಸರ್ವರ್, ಬ್ಯಾಕಪ್ ಮುಂತಾದವನ್ನು ಅನುವಾದಿಸಲು ಹೋಗಬೇಡಿ. ಅದನ್ನು ನಮ್ಮಂಥ ಪತ್ರಿಕೆಯವರಿಗೆ ಬಿಡಿ.

— ಸಂಪಾದಕ