ಹೊಗೆ ಗಾಡಿಯಲ್ಲ, ಬ್ಯಾರಲ್ಲಿನ ಗೋಡೆ

ಸಿಂಧನೂರಿನ ಓದುಗರೊಬ್ಬರು ಬರೆದಿದ್ದಾರೆ: “ಮನೆ ಹತ್ತಿರ ಗಟಾರವಿಲ್ಲ, ಕೊಳೆನೀರಿಲ್ಲ. ಆದರೂ ಎಂಟು ತಿಂಗಳ ಮೊಮ್ಮಗನಿಗೆ ಡೆಂಗಿ ಆಯಿತು. ಹೊಗೆ ಗಾಡಿ ನಮ್ಮ ಓಣಿಗೆ ಒಮ್ಮೆಯೂ ಬಂದಿಲ್ಲ. ನೀವ್ಯಾಕೆ ಬರೆಯುವುದಿಲ್ಲ?”

ಓಣಿಯಲ್ಲಿ ನಾಲ್ಕಾರು ಮಂದಿ ಜ್ವರದಿಂದ ಮಲಗಿದಾಗ ಹಾರುವ ಸೊಳ್ಳೆ ಕೊಲ್ಲಲು ಹೊಗೆ ಬೇಕು, ಒಪ್ಪಿದೆ. ಆದರೆ ಅದು ಮೊಟ್ಟೆಯನ್ನೂ ಮರಿಯನ್ನೂ ಮುಟ್ಟದು. ಕೆಲವೇ ದಿನದಲ್ಲಿ ಹೊಸ ಸೊಳ್ಳೆ ಎದ್ದಿರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರ ಬೇಕಿಲ್ಲ, ನೀವು ತುಂಬಿಟ್ಟ ತಿಳಿನೀರು ಸಾಕು. ಬೇಸರ ಮಾಡಿಕೊಳ್ಳಬೇಡಿ, ಇಷ್ಟುದ್ದದ ಪತ್ರದಲ್ಲಿ ನೀರು ತುಂಬಿಡುವ ಬ್ಯಾರಲ್ಲಿನ ಸುದ್ದಿಯೇ ಇಲ್ಲ!

ಟಾರ್ಚ್ ಹಿಡಿದು ಬಗ್ಗಿ ನೋಡಿ. ನೆರಳು ಬಿದ್ದೊಡನೆ ಸೊಳ್ಳೆಮರಿಗಳು ಬಳುಕುತ್ತ ತಳಕ್ಕಿಳಿದು, ಸ್ವಲ್ಪ ತಡೆದು ಉಸಿರಿಗೆ ಮೇಲೇರುತ್ತವೆ. ನೀರಿನ ಗೆರೆಗಿಂತ ತುಸು ಮೇಲೆ, ಒದ್ದೆ ಗೋಡೆಗೆ ಮಸಿಚುಕ್ಕೆಯಂತೆ ಅಂಟಿರುವುದೇ ಮೊಟ್ಟೆ. ನೀರು ಚೆಲ್ಲಿದರೆ ಹೋಗುವುದಿಲ್ಲ. ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಅದಕ್ಕೇ ನಲ್ಲಿ ಬರುವ ದಿನ, ತುಂಬುವ ಮೊದಲು, ಗಟ್ಟಿ ಬ್ರಷ್ಷಿನಿಂದ ಒಳಗೋಡೆ ತಿಕ್ಕಿ, ತೊಳೆದ ನೀರನ್ನು ಒಣನೆಲಕ್ಕೆ ಚೆಲ್ಲಿ. ವಾರ ದಾಟಿಸಬೇಡಿ. ಸೊಟ್ಟ ಮುಚ್ಚಳ ನಂಬದೆ ಬಾಯಿಗೆ ಹಳೆ ಧೋತರ ಬಿಗಿದು ಕಟ್ಟಿ. ಖಾಲಿ ಮಾಡಲಾಗದ ನೆಲದೊಳಗಿನ ತೊಟ್ಟಿಗೆ (ಸಂಪ್) ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಿ.

ಇನ್ನು ಕೂಸಿನ ವಿಚಾರ. ತಾಯಿಗೆ ಹಿಂದೊಮ್ಮೆ ಡೆಂಗಿ ಆಗಿದ್ದರೆ, ಆಕೆಯಿಂದ ಬಂದ ರೋಗನಿರೋಧಕ ಪ್ರತಿಕಾಯಗಳು ಈ ವಯಸ್ಸಿಗೆ ಕಡಿಮೆಯಾಗಿ, ಕಾಯುವ ಬದಲು ವೈರಾಣುವಿಗೇ ದಾರಿ ಮಾಡಿಕೊಡಬಹುದು. ಅದಕ್ಕೇ ಮೊದಲ ಸಲದ ಜ್ವರವೇ ಉಲ್ಬಣಿಸುವುದುಂಟು. ಎಲ್ಲರೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಎಣಿಸುತ್ತ ಕೂರುತ್ತಾರೆ. ದೊಡ್ಡ ಅಪಾಯ ರಕ್ತನಾಳದಿಂದ ನೀರಿನಂಶ ಸೋರುವುದರಲ್ಲಿದೆ. ಅದು ಆಗುವುದು ಸಾಮಾನ್ಯವಾಗಿ ಜ್ವರದ 3ರಿಂದ 7ನೇ ದಿನದೊಳಗೆ, ಜ್ವರ ಬಿಟ್ಟಿತೆಂದು ಮನೆಯವರು ನಿರಾಳವಾಗುವ ಹೊತ್ತಿಗೆ. ಕೈಕಾಲು ತಣ್ಣಗಾದರೆ, ವಾಂತಿ ನಿಲ್ಲದಿದ್ದರೆ, ಮೊಲೆ ಬಿಟ್ಟು ಮಂಕಾದರೆ, ಆರು ತಾಸು ಉಚ್ಚೆ ಹೊಯ್ಯದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ಮಗುವಿನ ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ, ಆರು ತಾಸಿನ ಅಂತರದಲ್ಲಿ. ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಈಡಿಸ್ ಹೆಚ್ಚಾಗಿ ಹಗಲಲ್ಲೇ ಕಚ್ಚುವುದರಿಂದ ತೊಟ್ಟಿಲ ಪರದೆ ಹಗಲಿಗೂ ಬೇಕು.

2022ರ ಡಿಸೆಂಬರಿನಲ್ಲಿ ಝಿಕಾ ಎಂಬ ವೈರಾಣು ಸೋಂಕಿನ ರಾಜ್ಯದ ಮೊದಲ ಪ್ರಕರಣ ಸಿಕ್ಕಿದ್ದು ನಮ್ಮ ಮಾನ್ವಿ ತಾಲ್ಲೂಕಿನಲ್ಲೇ, ಐದು ವರ್ಷದ ಬಾಲಕಿಯಲ್ಲಿ. ಅದನ್ನು ಹರಡುವುದೂ ಇದೇ ಸೊಳ್ಳೆ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ನಲ್ಲಿ ದಿನ ಬಿಟ್ಟು ದಿನ ಬಂದರೆ ಪುಣ್ಯ ಎನ್ನುವ ಓಣಿಗಳಲ್ಲಿ ಹೆಣ್ಣುಮಕ್ಕಳು ನೀರು ಕೂಡಿಡದೆ ಏನು ಮಾಡಿಯಾರು? ನೀರು ಬಿಡದವರೇ ಆಮೇಲೆ “ನೀರು ಸಂಗ್ರಹಿಸಬೇಡಿ” ಎಂದು ಕರಪತ್ರ ಹಂಚುತ್ತಾರೆ. ನನ್ನ ಸಿಟ್ಟು ನಿಮ್ಮ ಮೇಲಲ್ಲ, ಇದರ ಮೇಲೆ. ಹೊಗೆ ಗಾಡಿ ಕೇಳುವ ಅರ್ಜಿಯಲ್ಲೇ ನಲ್ಲಿ ಯಾವ ದಿನ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂದೂ ಕೇಳಿ. ಬಂದ ಉತ್ತರ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂಪಾದಕ